ಸೂರ್ಯಕಾಂತಿ: ಹೂ ಅರಳಿದರೆ ಸಾಲದು, ಕಾಳು ಕಟ್ಟಬೇಕು

ಸೂರ್ಯಕಾಂತಿಗೆ ಬೇಕಾದದ್ದು ನೀರು ಬಸಿಯುವ ಮಣ್ಣು ಮತ್ತು ದಿನವಿಡೀ ಬಿಸಿಲು. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಕೆಂಪು ಮಣ್ಣಿನ ಹೊಲ ಅದಕ್ಕೆ ಒಗ್ಗುತ್ತದೆ; ನೀರು ನಿಲ್ಲುವ ಕೆರೆ ಕೆಳಗಿನ ಗದ್ದೆ ಒಗ್ಗುವುದಿಲ್ಲ. ತೆಂಗು, ಅಡಿಕೆಯೇ ಹೆಚ್ಚಿರುವ ಈ ಭಾಗದಲ್ಲಿ ಮರಗಳ ನಡುವೆ ಬಿತ್ತುವ ಆಸೆ ಸಹಜ. ಎಳೆಯ ತೆಂಗಿನ ಸಸಿಗಳ ನಡುವೆಯಾದರೆ ಸರಿ. ನೆರಳು ಕವಿದ ತೋಟದಲ್ಲಿ ಗಿಡ ಸೊರಗಿ, ತೆನೆ ಚಿಕ್ಕದಾಗಿಯೇ ಉಳಿಯುತ್ತದೆ.

ಎಣ್ಣೆಗಾಗಿ ಬೆಳೆಯುವ ತಳಿಗಳು ಭಾರತಕ್ಕೆ ಬಂದದ್ದು 1969ರಲ್ಲಿ, ಆಗಿನ ಸೋವಿಯತ್ ಒಕ್ಕೂಟದಿಂದ. ದೇಶದ ಮೊದಲ ಹೈಬ್ರಿಡ್ ಬಿಎಸ್‌ಎಚ್–1 ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ್ದು. ಅದು 1980ರಲ್ಲಿ ಬಿಡುಗಡೆಯಾಯಿತು. ಅದೇ ವಿಶ್ವವಿದ್ಯಾಲಯದ ಕೆಬಿಎಸ್‌ಎಚ್–44, ಕೆಬಿಎಸ್‌ಎಚ್–53 ನಂತರ ಬಂದವು.

ಬಿತ್ತನೆ

ಮುಂಗಾರಿಗೆ ಜೂನ್–ಜುಲೈ, ಹಿಂಗಾರಿಗೆ ಸೆಪ್ಟೆಂಬರ್–ಅಕ್ಟೋಬರ್, ನೀರಿದ್ದವರಿಗೆ ಜನವರಿ–ಫೆಬ್ರುವರಿ. ಹೂ ಬಿಡುವ ಹೊತ್ತಿಗೆ ಜಡಿಮಳೆ ಸಿಗದಂತೆ ದಿನ ಲೆಕ್ಕ ಹಾಕಿಕೊಂಡು ಬಿತ್ತುವುದು ಜಾಣತನ. ಎಕರೆಗೆ 2 ಕೆ.ಜಿ. ಬೀಜ ಸಾಕು. ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಅಂತರ, 4ರಿಂದ 5 ಸೆಂ.ಮೀ. ಆಳ. ಹುಟ್ಟಿದ ಎರಡು ವಾರದೊಳಗೆ ಗುಣಿಗೆ ಒಂದೇ ಗಿಡ ಉಳಿಸಿ ಮಿಕ್ಕದ್ದನ್ನು ಕೀಳಬೇಕು. ಕೀಳಲು ಮನಸ್ಸು ಬಾರದೆ ಎರಡನ್ನೂ ಬಿಟ್ಟರೆ ಎರಡೂ ಬಡಕಲಾಗುತ್ತವೆ.

ಖುಷ್ಕಿ ಹೊಲಕ್ಕೆ ಕೊಟ್ಟಿಗೆ ಗೊಬ್ಬರದ ಜೊತೆ ಎಕರೆಗೆ ಸುಮಾರು 14 ಕೆ.ಜಿ. ಸಾರಜನಕ, 20 ಕೆ.ಜಿ. ರಂಜಕ, 14 ಕೆ.ಜಿ. ಪೊಟ್ಯಾಷ್ ಬೇಕು. ಸಾರಜನಕದಲ್ಲಿ ಅರ್ಧವನ್ನು ಬಿತ್ತುವಾಗ, ಉಳಿದರ್ಧವನ್ನು ತಿಂಗಳ ಬೆಳೆಗೆ ಕೊಡುವುದು ರೂಢಿ. ಮಣ್ಣು ಪರೀಕ್ಷೆ ಮಾಡಿಸಿದ್ದರೆ ಅದರ ಲೆಕ್ಕವೇ ಸರಿಯಾದದ್ದು.

ಹೊಲದ ಬದುವಿನ ಪಾರ್ಥೇನಿಯಂ ಕಳೆಯನ್ನು ಬಿತ್ತುವ ಮೊದಲೇ ತೆಗೆಯಬೇಕು. 1997ರಲ್ಲಿ ಬಾಗೇಪಲ್ಲಿ ಭಾಗದಲ್ಲಿ ಕಾಣಿಸಿಕೊಂಡ ನೆಕ್ರೋಸಿಸ್ ನಂಜುರೋಗದ ವೈರಸ್ ಈ ಕಳೆಯಲ್ಲಿ ಯಾವ ಲಕ್ಷಣವನ್ನೂ ತೋರದೆ ಅಡಗಿರುತ್ತದೆ. ಅದರ ಪರಾಗದೊಂದಿಗೆ ಥ್ರಿಪ್ಸ್ ನುಸಿಯ ಮೂಲಕ ಬೆಳೆಗೆ ದಾಟುತ್ತದೆ. ಹೊಲದ ಸುತ್ತ ಮೂರು–ನಾಲ್ಕು ಸಾಲು ಜೋಳ ಹಾಕಿದರೆ ನುಸಿಗೆ ತಡೆಯಾಗುತ್ತದೆ.

ಆ ಹತ್ತು ದಿನ

ಗಿಡ ಆಳೆತ್ತರ ಬೆಳೆದು, ತೆನೆ ತಟ್ಟೆಯಗಲ ಅರಳಿ, ಕೊಯ್ದಾಗ ನಡುಭಾಗವೆಲ್ಲ ಜೊಳ್ಳಾಗಿರುವುದು ಈ ಬೆಳೆಯ ದೊಡ್ಡ ನಷ್ಟ. ಕಾರಣ ತಿಳಿಯಲು ಹೂವನ್ನು ಹತ್ತಿರದಿಂದ ನೋಡಬೇಕು. ಒಂದು ಹೂವೆಂದು ಕಾಣುವುದು ನೂರಾರು ಪುಟ್ಟ ಹೂಗಳ ಗೊಂಚಲು. ಸುತ್ತಲಿನ ಹಳದಿ ಎಸಳುಗಳು ಕಾಳು ಕಟ್ಟುವುದಿಲ್ಲ, ದುಂಬಿ ಕರೆಯುವುದಷ್ಟೇ ಅವುಗಳ ಕೆಲಸ. ಒಳಗಿನ ಹೂಗಳು ಅಂಚಿನಿಂದ ನಡುವಿನ ಕಡೆಗೆ ದಿನಕ್ಕಿಷ್ಟು ಸುತ್ತಿನಂತೆ ಅರಳುತ್ತವೆ. ಪ್ರತಿ ಪುಟ್ಟ ಹೂವಿನಲ್ಲೂ ಮೊದಲು ಕಂದು ಕೊಳವೆಯಿಂದ ಪರಾಗ ಉದುರುತ್ತದೆ, ಆಮೇಲೆ ಎರಡು ಕವಲಿನ ಶಲಾಕಾಗ್ರ ಹೊರಚಾಚುತ್ತದೆ. ಹೀಗಾಗಿ ಪರಾಗವನ್ನು ಗಿಡದಿಂದ ಗಿಡಕ್ಕೆ ಒಯ್ಯಲು ಯಾರಾದರೂ ಬೇಕು.

ಜೇನುನೊಣಕ್ಕಿಂತ ಒಳ್ಳೆಯ ಕೂಲಿ ಇಲ್ಲ. ಎಕರೆಗೆ ಎರಡು ಜೇನುಪೆಟ್ಟಿಗೆ ಇಟ್ಟರೆ ಸಾಕು. ಪೆಟ್ಟಿಗೆ ಸಿಗದಿದ್ದರೆ ಅಂಗೈಗೆ ಮೃದುವಾದ ಹತ್ತಿ ಬಟ್ಟೆ ಸುತ್ತಿಕೊಂಡು, ಬೆಳಿಗ್ಗೆ 8ರಿಂದ 11ರ ಒಳಗೆ ಒಂದು ತೆನೆಯ ಮೇಲೆ ಹಗುರವಾಗಿ ಸವರಿ, ಅದೇ ಕೈಯನ್ನು ಮುಂದಿನ ತೆನೆಗೆ ಸವರುತ್ತ ಹೋಗಬೇಕು. ದಿನ ಬಿಟ್ಟು ದಿನ, ಹೂವಾಡುವ ವಾರ–ಹತ್ತು ದಿನ ಇಷ್ಟು ಮಾಡಬೇಕು. ಹಳದಿ ಎಸಳು ಬಿಚ್ಚುವಾಗ ಲೀಟರ್ ನೀರಿಗೆ 2 ಗ್ರಾಂ ಬೋರಾಕ್ಸ್ ಬೆರೆಸಿ ತೆನೆಗೆ ಸಿಂಪಡಿಸಿದರೆ ಕಾಳು ತುಂಬುತ್ತವೆ. ಹೂವಿರುವಾಗ ಕೀಟನಾಶಕ ಹೊಡೆಯುವುದು ಜೇನನ್ನು ಕೊಂದಂತೆ. ತೀರಾ ಅನಿವಾರ್ಯವಾದರೆ ಸಂಜೆಯ ಮೇಲೆ. ಮೊಗ್ಗು, ಹೂ, ಕಾಳು ತುಂಬುವ ಹಂತ, ಈ ಮೂರರಲ್ಲಿ ನೆಲ ಒಣಗಬಾರದು.

ಹೂವಿನ ಚೆಲುವು ನೋಡುವವರಿಗೂ ಇದೇ ಸಮಯ. ಎಳೆಯ ಗಿಡದ ತುದಿ ಹಗಲಿಡೀ ಸೂರ್ಯನ ಜೊತೆ ತಿರುಗುತ್ತದೆ, ಪೂರ್ತಿ ಅರಳಿದ ತೆನೆ ತಿರುಗುವುದಿಲ್ಲ, ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತದೆ. ಬೆಳಗಿನ ಬಿಸಿಲಿಗೆ ಬೇಗ ಬೆಚ್ಚಗಾಗುವುದರಿಂದ ಅದಕ್ಕೆ ದುಂಬಿಗಳೂ ಹೆಚ್ಚು ಬರುತ್ತವೆ ಎಂದು 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಫೋಟೊ ತೆಗೆಯುವವರು ಬೆಳಿಗ್ಗೆಯೇ, ಹೊಲದ ಪೂರ್ವದ ಬದುವಿನಲ್ಲಿ ನಿಲ್ಲಬೇಕು. ಸಾಲಿನೊಳಗೆ ನುಗ್ಗಬಾರದು, ಅದು ರೈತನ ಅನ್ನ.

ತುಮಕೂರು ನಗರದ ತಾರಸಿಯಲ್ಲೂ ಇದನ್ನು ಬೆಳೆಸಬಹುದು. ಅಡಿಯಗಲದ ಕುಂಡಕ್ಕೆ ಒಂದೇ ಗಿಡ, ಕನಿಷ್ಠ ಆರು ತಾಸು ಬಿಸಿಲು, ಗಾಳಿಗೆ ಒರಗದಂತೆ ಒಂದು ಊರೆಗೋಲು. ಗಿಡ ಎರಡು–ಮೂರಿದ್ದರೆ ಪರಾಗದ ತೊಂದರೆ ಇರುವುದಿಲ್ಲ.

ಕೊಯ್ಲು

ತೆನೆಯ ಬೆನ್ನು ನಿಂಬೆಹಳದಿಗೆ ತಿರುಗಿದರೆ ಕೊಯ್ಲಿಗೆ ಬಂದಂತೆ. ಗಿಳಿಗಳಿಗೆ ಈ ಗುರುತು ಬೇಕಿಲ್ಲ, ಅದಕ್ಕೂ ಮೊದಲೇ ಬರುತ್ತವೆ. ಬೆಳಿಗ್ಗೆ, ಸಂಜೆ ಕಾವಲು ಬೇಕು. ಕೊಯ್ದ ತೆನೆಯನ್ನು ಒಣಗಿಸಿ ಬಡಿಯಬೇಕು, ಹಸಿ ತೆನೆಯನ್ನು ರಾಶಿ ಹಾಕಿದರೆ ಬೂಷ್ಟು ಹಿಡಿಯುತ್ತದೆ. ಕಾಳಿನ ತೇವಾಂಶ ಶೇ 9–10ಕ್ಕೆ ಇಳಿದ ಮೇಲೆಯೇ ಚೀಲಕ್ಕೆ ತುಂಬಬೇಕು. ಹೈಬ್ರಿಡ್ ಬೆಳೆಯ ಕಾಳನ್ನು ಮುಂದಿನ ಸಲಕ್ಕೆ ಬಿತ್ತನೆಗೆ ಎತ್ತಿಡಬಾರದು. ಗಿಡಗಳು ಒಂದೇ ಸಮ ಬರುವುದಿಲ್ಲ, ಇಳುವರಿಯೂ ಕುಸಿಯುತ್ತದೆ. ಹೊಸ ಬೀಜಕ್ಕೆ, ರೋಗದ ಸಲಹೆಗೆ ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.