ತಂಡವಾಗಿ ವಿಜ್ಞಾನ: ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಸಿದ್ಧರಾಗುವುದು ಹೇಗೆ?



ವಿಜ್ಞಾನ ಸ್ಪರ್ಧೆ ಎಂದ ಕೂಡಲೇ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಕ್ವಿಜ್, ಇಲ್ಲವೇ ಥರ್ಮೋಕೋಲಿನ ಜ್ವಾಲಾಮುಖಿ. ಕ್ವಿಜ್‌ನಲ್ಲಿ ಬಜರ್ ಮೊದಲು ಒತ್ತಿದವರಿಗೆ ಅಂಕ. ಮಾಡೆಲ್‌ಗೆ ಬಣ್ಣ ಚೆನ್ನಾಗಿದ್ದರೆ ಚಪ್ಪಾಳೆ. ಇವೆರಡಕ್ಕೂ ಸೇರದ ಇನ್ನೊಂದು ಸ್ಪರ್ಧೆ ಇದೆ. ಅಲ್ಲಿ ತಂಡವೊಂದು ತನ್ನ ಊರಿನದೇ ಒಂದು ಪ್ರಶ್ನೆ ಹಿಡಿದು, ವಾರಗಟ್ಟಲೆ ಅಳೆದು, ಬರೆದಿಟ್ಟು, ಕೊನೆಗೆ ತೀರ್ಪುಗಾರರ ಮುಂದೆ ನಿಂತು ಉತ್ತರ ಹೇಳಬೇಕು. ಅದೇ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ.

ಸಮಾವೇಶದ ಪರಿಚಯ

ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಬೆಂಬಲದಿಂದ 1993ರಲ್ಲಿ ಇದು ದೇಶಮಟ್ಟದಲ್ಲಿ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇದನ್ನು ನಡೆಸಿಕೊಂಡು ಬಂದಿದೆ. 10ರಿಂದ 17 ವರ್ಷದವರು ಭಾಗವಹಿಸಬಹುದು. ಕಿರಿಯರ ಮತ್ತು ಹಿರಿಯರ ಎಂಬ ಎರಡು ವಿಭಾಗಗಳಿವೆ. ಅಂದರೆ ಹೈಸ್ಕೂಲಿನ ನಿಮ್ಮ ತಮ್ಮ ತಂಗಿಯರಷ್ಟೇ ಅಲ್ಲ, ವಯಸ್ಸು ಮೀರದ ಪಿಯುಸಿ ವಿದ್ಯಾರ್ಥಿಗಳೂ ಅರ್ಹರು. ಜಿಲ್ಲೆ, ರಾಜ್ಯ, ರಾಷ್ಟ್ರ ಹೀಗೆ ಹಂತಗಳಿವೆ. ಮೊದಲು ಐವರವರೆಗಿನ ತಂಡಗಳಿದ್ದವು, ಈಚೆಗೆ ಇಬ್ಬರ ತಂಡ. ನಿಯಮಗಳು ಬದಲಾಗುತ್ತವೆ, ಆದ್ದರಿಂದ ಆಯಾ ವರ್ಷದ ಸುತ್ತೋಲೆಯನ್ನು ಓದಿಯೇ ಹೊರಡಿ.

ಎರಡು ವರ್ಷಕ್ಕೊಮ್ಮೆ ಮುಖ್ಯ ವಿಷಯ ಬದಲಾಗುತ್ತದೆ. 2014–15ರಲ್ಲಿ ಹವಾಮಾನ ಮತ್ತು ವಾಯುಗುಣ ವಿಷಯವಾಗಿತ್ತು. 2022–23ರಲ್ಲಿ ಆರೋಗ್ಯ ಮತ್ತು ಯೋಗಕ್ಷೇಮಕ್ಕಾಗಿ ಪರಿಸರ ವ್ಯವಸ್ಥೆಯ ಅರಿವು. ತಂಡವು ಒಬ್ಬ ಮಾರ್ಗದರ್ಶಿ ಶಿಕ್ಷಕರ ಜೊತೆ ಕೆಲಸ ಮಾಡಿ ವರದಿ, ಪೋಸ್ಟರ್ ಮತ್ತು ದಿನಚರಿ ಪುಸ್ತಕ ಸಿದ್ಧಪಡಿಸಬೇಕು. ಇನ್ನೊಂದು ವಿಷಯ ನಮಗೆ ಮುಖ್ಯ: ಸಂವಿಧಾನದ ಎಂಟನೇ ಅನುಸೂಚಿಯಲ್ಲಿರುವ ಯಾವ ಭಾಷೆಯಲ್ಲಾದರೂ ಮಂಡಿಸಬಹುದು. ಕನ್ನಡ, ಉರ್ದು ಎರಡೂ ಆ ಪಟ್ಟಿಯಲ್ಲಿವೆ. ಇಂಗ್ಲಿಷ್ ಸರಾಗವಾಗಿ ಬಾರದು ಎಂದು ಯಾರೂ ಹಿಂದೆ ಸರಿಯಬೇಕಾಗಿಲ್ಲ.

ನಮ್ಮ ನಲ್ಲಿಯಲ್ಲೇ ಇರುವ ಪ್ರಶ್ನೆ

ವಿಷಯ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಕಡೆಯ ಎಷ್ಟೋ ಮನೆಗಳಲ್ಲಿ ಬೋರ್‌ವೆಲ್ ನೀರು, ಟ್ಯಾಂಕರ್ ನೀರು, ಕ್ಯಾನ್ ನೀರು ಮೂರೂ ಇವೆ. 2024ರ ಬೇಸಿಗೆಯಲ್ಲಿ ನೀರಿಗಾಗಿ ನಗರವೇ ಪರದಾಡಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ, ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಕಾವೇರಿ 5ನೇ ಹಂತ ಉದ್ಘಾಟನೆಯಾಯಿತು. ಹೀಗಿರುವಾಗ ಒಳ್ಳೆಯ ಪ್ರಶ್ನೆಯೊಂದು ತಾನಾಗಿಯೇ ಏಳುತ್ತದೆ: ನಮ್ಮ ಬೀದಿಯ ಬೋರ್‌ವೆಲ್, ಟ್ಯಾಂಕರ್ ಮತ್ತು ಕಾವೇರಿ ನೀರಿನ ಗಡಸುತನದಲ್ಲಿ ವ್ಯತ್ಯಾಸ ಎಷ್ಟು?

“ಬೆಂಗಳೂರಿನ ಜಲಮಾಲಿನ್ಯ” ಎಂಬುದು ಪ್ರಬಂಧದ ತಲೆಬರಹ, ಅದನ್ನು ಅಳೆಯಲಾಗದು. “ನಮ್ಮ ಬೀದಿಯ ಮೂರು ಬಗೆಯ ನೀರಿನ ಗಡಸುತನ, ಆರು ವಾರಗಳಲ್ಲಿ” ಎಂಬುದನ್ನು ಅಳೆಯಬಹುದು. ಪ್ರಶ್ನೆ ಚಿಕ್ಕದಾದಷ್ಟೂ ಉತ್ತರ ಗಟ್ಟಿ.

ವಿಧಾನ ರಸಾಯನಶಾಸ್ತ್ರ ಪ್ರಯೋಗಾಲಯದ್ದೇ. 50 ಮಿ.ಲೀ. ನೀರನ್ನು ಪಿಪೆಟ್‌ನಿಂದ ಕೋನಿಕಲ್ ಫ್ಲಾಸ್ಕ್‌ಗೆ ತೆಗೆದುಕೊಳ್ಳಿ. ಅಮೋನಿಯಾ ಬಫರ್ ಸೇರಿಸಿ ಪಿಎಚ್ ಅನ್ನು ಸುಮಾರು 10ಕ್ಕೆ ತನ್ನಿ (ಇದನ್ನು ಉಪನ್ಯಾಸಕರ ಎದುರೇ ಮಾಡಿ). ಎರಿಯೋಕ್ರೋಮ್ ಬ್ಲ್ಯಾಕ್ ಟಿ ಸೂಚಕ ಹಾಕಿದರೆ ದ್ರಾವಣ ದ್ರಾಕ್ಷಿರಸದಂತೆ ಕೆಂಪಾಗುತ್ತದೆ. ಬ್ಯುರೆಟ್‌ನಿಂದ 0.01 ಮೋಲಾರ್ ಇಡಿಟಿಎ ದ್ರಾವಣವನ್ನು ಹನಿಹನಿಯಾಗಿ ಬಿಡಿ. ಕೆಂಪು ಪೂರ್ತಿ ಹೋಗಿ ಅಚ್ಚ ನೀಲಿ ಬಂದದ್ದೇ ಅಂತ್ಯಬಿಂದು.

ಲೆಕ್ಕ: ಈ ಇಡಿಟಿಎಯ 1 ಮಿ.ಲೀ. ಎಂದರೆ 1 ಮಿ.ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮ. 50 ಮಿ.ಲೀ. ನೀರಿಗೆ 21.0 ಮಿ.ಲೀ. ಖರ್ಚಾದರೆ 1 ಲೀಟರಿಗೆ 21.0 × 20 = 420 ಮಿ.ಗ್ರಾಂ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿ.ಗ್ರಾಂ ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು.

ಇಬ್ಬರ ಅಳತೆ ಬೇರೆ ಬಂದರೆ?

ತಂಡದ ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ಅದೇ ಬಾಟಲಿಯ ನೀರಿಗೆ ಒಬ್ಬಳು 21.0 ಬರೆದಳು, ಇನ್ನೊಬ್ಬಳು 22.4 ಬರೆದಳು ಎನ್ನೋಣ. ಮೊದಲನೆಯದು 420, ಎರಡನೆಯದು 448. ಏನು ಮಾಡುತ್ತೀರಿ? ಸಾಮಾನ್ಯವಾಗಿ ನಡೆಯುವುದು ಮೂರು: ಕ್ಲಾಸಿನಲ್ಲಿ ಹೆಚ್ಚು ಅಂಕ ತೆಗೆಯುವವಳದ್ದೇ ಸರಿ ಎನ್ನುವುದು, ಪುಸ್ತಕಕ್ಕೆ ಹತ್ತಿರವಾದದ್ದನ್ನು ಉಳಿಸಿ ಇನ್ನೊಂದನ್ನು ಅಳಿಸುವುದು, ಸುಮ್ಮನೆ ಸರಾಸರಿ ತೆಗೆಯುವುದು. ಮೂರೂ ತಪ್ಪು.

ಕಾರಣ ಹುಡುಕಿ. ಬ್ಯುರೆಟ್ ಅನ್ನು ಇಡಿಟಿಎಯಿಂದ ಒಮ್ಮೆ ತೊಳೆಯದೆ ಹಾಗೇ ತುಂಬಿದ್ದರೆ, ಒಳಗಿನ ನೀರಿನಿಂದ ದ್ರಾವಣ ತೆಳುವಾಗಿ ಅಳತೆ ಹೆಚ್ಚು ಬರುತ್ತದೆ. ಒಬ್ಬಳು ನೇರಳೆ ಬಣ್ಣಕ್ಕೇ ನಿಲ್ಲಿಸಿ, ಇನ್ನೊಬ್ಬಳು ನೀಲಿಯವರೆಗೆ ಹೋಗಿರಬಹುದು. ದ್ರವದ ಮಟ್ಟವನ್ನು ಕಣ್ಣಿನ ನೇರಕ್ಕೆ ತಂದು ಓದದೆ ಇರಬಹುದು. ಜಾಗ ಬದಲಿಸಿಕೊಂಡು ಮತ್ತೆ ಮಾಡಿ. ಪ್ರತಿಯೊಬ್ಬರೂ ತಮ್ಮ ಅಳತೆಯನ್ನು ಚೀಟಿಯಲ್ಲಿ ಬರೆದ ಮೇಲೆಯೇ ಬಾಯಿಬಿಡಬೇಕು. ಇಲ್ಲದಿದ್ದರೆ ಮೊದಲು ಹೇಳಿದವರ ಸಂಖ್ಯೆ ಎರಡನೆಯವರ ಕಣ್ಣನ್ನು ಎಳೆಯುತ್ತದೆ. ಮೊದಲಿನ ಎರಡು ಅಳತೆಗಳನ್ನೂ ದಿನಚರಿಯಲ್ಲಿ ಹಾಗೇ ಉಳಿಸಿ.

ಇದರಿಂದ ದೊಡ್ಡದೊಂದು ಲಾಭವಿದೆ. ನಿಮ್ಮ ಕೈಯ ವ್ಯತ್ಯಾಸವೇ 28 ಮಿ.ಗ್ರಾಂ ಇರುವಾಗ, ಎರಡು ಟ್ಯಾಂಕರ್‌ಗಳ ನಡುವೆ 20 ಮಿ.ಗ್ರಾಂ ವ್ಯತ್ಯಾಸ ಕಂಡರೆ ಅದನ್ನು ನೀರಿನ ವ್ಯತ್ಯಾಸ ಎನ್ನಲಾಗದು. ಒಬ್ಬರೇ ಅಳೆದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ನಮ್ಮ ಅಳತೆಗೆ ಸಿಗದ ಸಂಗತಿಗಳನ್ನೂ ತಿಳಿದಿರಬೇಕು. ಪೀಣ್ಯದಲ್ಲಿ ಲೋಹಕ್ಕೆ ಲೇಪ ಹಾಕುವ ಘಟಕಗಳಿವೆ. ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಸಮಸ್ಯೆ ದಾಖಲಾಗಿದೆ. ಒಟ್ಟು ಕ್ರೋಮಿಯಂಗೆ ಮಿತಿ ಲೀಟರಿಗೆ ಕೇವಲ 0.05 ಮಿ.ಗ್ರಾಂ. ಗಡಸುತನದ ಪರೀಕ್ಷೆಗೆ ಅದು ಕಾಣದು. ಟಿಡಿಎಸ್ ಮೀಟರ್‌ಗೂ ಕಾಣದು, ಏಕೆಂದರೆ ಅದು ವಿದ್ಯುತ್ ಹರಿವಿನಿಂದ ಒಟ್ಟು ಲವಣವನ್ನು ಅಂದಾಜು ಮಾಡುತ್ತದೆ ಅಷ್ಟೆ. ರೋಗಾಣುಗಳ ಸುದ್ದಿಯೂ ಅದಕ್ಕಿಲ್ಲ. ಆದ್ದರಿಂದ “ಈ ನೀರು ಸುರಕ್ಷಿತ” ಎಂದು ವರದಿಯಲ್ಲಿ ಬರೆಯಬೇಡಿ. ಅದನ್ನು ನಂಬಿ ಮನೆಯವರು ಕುಡಿಯುತ್ತಾರೆ. “ಇದರ ಗಡಸುತನ ಇಷ್ಟು” ಎಂದಷ್ಟೇ ಬರೆಯಿರಿ.

ಬೇರೆ ಕಡೆ ತಂಡಗಳು ಹೇಗಿವೆ?

ಅಮೆರಿಕದಲ್ಲಿ 1984ರಿಂದ ನಡೆಯುತ್ತಿರುವ ಸೈನ್ಸ್ ಒಲಿಂಪಿಯಾಡ್‌ನಲ್ಲಿ ಮಾಧ್ಯಮಿಕ ಮತ್ತು ಹೈಸ್ಕೂಲ್ ಶಾಲೆಗಳ ತಂಡದಲ್ಲಿ 15 ಜನರವರೆಗೆ ಇರುತ್ತಾರೆ. ಬೇರೆ ಬೇರೆ ಸ್ಪರ್ಧೆಗಳ ಫಲವೆಲ್ಲ ಸೇರಿ ತಂಡದ ಸ್ಥಾನ ನಿರ್ಧಾರವಾಗುವುದರಿಂದ ಒಬ್ಬ ಜಾಣನಿಂದ ಗೆಲುವು ಸಾಧ್ಯವಿಲ್ಲ. 1988ರಲ್ಲಿ ಆರಂಭವಾದ ಯುವ ಭೌತವಿಜ್ಞಾನಿಗಳ ಅಂತರರಾಷ್ಟ್ರೀಯ ಪಂದ್ಯಾವಳಿಯಲ್ಲಿ ತಂಡಕ್ಕೆ ಐವರು. 17 ಸಮಸ್ಯೆಗಳನ್ನು ತಿಂಗಳುಗಳ ಮೊದಲೇ ಕೊಡುತ್ತಾರೆ. ಒಂದು ತಂಡ ತನ್ನ ಉತ್ತರ ಮಂಡಿಸುತ್ತದೆ, ಎರಡನೆಯದು ಅದನ್ನು ಪ್ರಶ್ನಿಸುತ್ತದೆ, ಮೂರನೆಯದು ಇಬ್ಬರನ್ನೂ ವಿಮರ್ಶಿಸುತ್ತದೆ. ಪ್ರಶ್ನೆ ಕೇಳುವುದಕ್ಕೂ ಅಲ್ಲಿ ಅಂಕವಿದೆ.

ಈ ಪದ್ಧತಿಯನ್ನು ನಮ್ಮ ಪ್ರಯೋಗಾಲಯಕ್ಕೂ ತರಬಹುದು. ವಾರಕ್ಕೊಮ್ಮೆ ಒಬ್ಬರು ಮಂಡಿಸಲಿ, ಇನ್ನೊಬ್ಬರು ಎದುರು ಪ್ರಶ್ನೆ ಹಾಕಲಿ. ಮುಂದಿನ ವಾರ ಪಾತ್ರ ಬದಲಾಗಲಿ.

ತಂಡ ಕಟ್ಟುವಾಗ

1. ಮೊದಲ ರ‍್ಯಾಂಕಿನವರನ್ನೇ ಆರಿಸಬೇಡಿ. ತಾಳ್ಮೆಯಿಂದ ಅಳೆಯುವವರು, ಅಚ್ಚುಕಟ್ಟಾಗಿ ಬರೆದಿಡುವವರು, ನೆರೆಹೊರೆಯವರ ಜೊತೆ ಮಾತನಾಡಿ ನೀರು ತರಬಲ್ಲವರು ಬೇಕು.

2. ಚಾರ್ಟ್ ಬರೆಯಲು ಒಬ್ಬರು, ಪ್ರಯೋಗಕ್ಕೆ ಇನ್ನೊಬ್ಬರು ಎಂದು ಕೆಲಸ ಹಂಚಿಬಿಡಬೇಡಿ. ಪ್ರತಿಯೊಬ್ಬರೂ ಕನಿಷ್ಠ ಒಮ್ಮೆ ಬ್ಯುರೆಟ್ ಹಿಡಿದಿರಬೇಕು. ತೀರ್ಪುಗಾರರ ಪ್ರಶ್ನೆ ಯಾರ ಕಡೆಗಾದರೂ ತಿರುಗಬಹುದು.

3. ಸಂಜೆ ಉಳಿಯಲಾಗದ ವಿದ್ಯಾರ್ಥಿನಿಯರನ್ನು ಆ ಕಾರಣಕ್ಕೆ ಬಿಡಬೇಡಿ. ನೀರಿನ ಮಾದರಿ ಅವರವರ ಮನೆಯ ನಲ್ಲಿಯಲ್ಲೇ ಸಿಗುತ್ತದೆ. ಪ್ರಯೋಗವನ್ನು ಕಾಲೇಜಿನ ಅವಧಿಯಲ್ಲೇ ಇಟ್ಟುಕೊಳ್ಳಬಹುದು. ಉಪನ್ಯಾಸಕರು ವಾರಕ್ಕೆ ಒಂದು ಪ್ರಯೋಗಾಲಯದ ಅವಧಿ ಬಿಟ್ಟುಕೊಟ್ಟರೆ ಸಾಕು.

4. ವಯಸ್ಸು ಮೀರಿದವರು ಹೈಸ್ಕೂಲಿನ ತಂಡವೊಂದಕ್ಕೆ ಅಣ್ಣ, ಅಕ್ಕಂದಿರಾಗಿ ನಿಲ್ಲಿ. ದಾರಿ ತೋರಿಸಿ, ಅಳತೆ ಅವರೇ ಮಾಡಲಿ.

ಅಭ್ಯಾಸ

1. 25 ಮಿ.ಲೀ. ನೀರಿಗೆ 0.01 ಮೋಲಾರ್ ಇಡಿಟಿಎ 9.5 ಮಿ.ಲೀ. ಖರ್ಚಾಯಿತು. ಗಡಸುತನ ಎಷ್ಟು? (ಉತ್ತರ: ಲೀಟರಿಗೆ 380 ಮಿ.ಗ್ರಾಂ)

2. ಕುದಿಸಿ ಸೋಸಿದ ಮೇಲೆ ಗಡಸುತನ 420ರಿಂದ 300ಕ್ಕೆ ಇಳಿಯಿತು. ತಾತ್ಕಾಲಿಕ ಗಡಸುತನ ಎಷ್ಟು? ಪಾತ್ರೆಯ ತಳದಲ್ಲಿ ಉಳಿದ ಬಿಳಿ ಪದಾರ್ಥ ಯಾವುದು?

3. “ಟಿಡಿಎಸ್ 80 ಇದೆ, ಧೈರ್ಯವಾಗಿ ಕುಡಿಯಿರಿ” ಎಂದು ಕ್ಯಾನ್ ಮಾರುವವರು ಹೇಳುತ್ತಾರೆ. ಅವರಿಗೆ ಕೇಳಬೇಕಾದ ಎರಡು ಪ್ರಶ್ನೆ ಬರೆಯಿರಿ.

ಮೂರನೆಯ ಪ್ರಶ್ನೆಗೆ ಇಬ್ಬರು ಸೇರಿ, ಮೊದಲು ಬೇರೆ ಬೇರೆಯಾಗಿ ಬರೆದು ನಂತರ ಹೋಲಿಸಿ. ನಿಮ್ಮ ತಂಡದ ಮೊದಲ ಸಭೆ ಅದೇ ಆಗಲಿ.