ಆಯ, ಖೇಣಿ, ಸಂಬಳ: ಗುತ್ತಿಗೆಯ ದುಡಿಮೆಯನ್ನು ಕುರಿತು

'ಸಂಬಳ' ಎಂಬ ಪದವು ಸಂಸ್ಕೃತದ 'ಶಂಬಲ' ಶಬ್ದದ ತದ್ಭವ. ಶಂಬಲವೆಂದರೆ ದಾರಿಯ ಬುತ್ತಿ. ತಿಂಗಳು ತಿಂಗಳೂ ತಪ್ಪದೆ ಬರುವ ವೇತನಕ್ಕೆ ಈ ಹೆಸರು ಸಂದಿರುವುದು ಸ್ವಾರಸ್ಯಕರವಾಗಿದೆ. ಬುತ್ತಿ ಸಾಕಾದೀತೇ ಎಂಬುದನ್ನು ಗಂಟಿನ ಗಾತ್ರವನ್ನು ನೋಡಿ ಹೇಳಲಾಗದು. ಮುಂದಿನ ಛತ್ರ ಎಷ್ಟು ದೂರವಿದೆಯೆಂದು ತಿಳಿದಿರಬೇಕು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಬೆಂಗಳೂರಿಗೆ ಹೋಗಿ ತಂತ್ರಾಂಶದ ಉದ್ಯೋಗದಲ್ಲಿ ತೊಡಗಿರುವ ತರುಣರ ಮುಂದೆ ಇರುವುದೂ ಇದೇ ಪ್ರಶ್ನೆ. ಒಂದು ಕಡೆ ಕಾಯಂ ನೌಕರಿ; ಇನ್ನೊಂದು ಕಡೆ ಆರು ತಿಂಗಳಿಗೋ ವರ್ಷಕ್ಕೋ ಕರಾರಾದ, ಅನೇಕ ವೇಳೆ ಹೆಚ್ಚಿನ ದರದ ಗುತ್ತಿಗೆ.

ಈ ಎರಡು ಬಗೆಯ ದುಡಿಮೆಯೂ ಈ ಸೀಮೆಗೆ ಹೊಸತಲ್ಲ. ಹಳ್ಳಿಯ ಹನ್ನೆರಡು ಮಂದಿ ಆಯಗಾರರಲ್ಲಿ ಬಡಗಿ, ಕಮ್ಮಾರ, ಅಗಸ, ನೀರುಗಂಟಿ ಮೊದಲಾದವರಿಗೆ ಕೆಲಸದ ಎಣಿಕೆಯ ಮೇಲೆ ಕೂಲಿಯಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಧಾನ್ಯವನ್ನು ಅಳೆಸಿಕೊಂಡು ಹೋಗುವರು. ಆ ವರ್ಷ ನೇಗಿಲು ಎರಡು ಸಲ ಮುರಿದರೂ ಒಂದು ಸಲವೂ ಮುರಿಯದಿದ್ದರೂ ಬಡಗಿಯ ಆಯ ಬಡಗಿಗೆ ಸಲ್ಲುತ್ತಿತ್ತು. ಕೆಲಸವಿಲ್ಲದ ದಿನದ ಭಾರವನ್ನು ಊರು ಹೊರುತ್ತಿತ್ತು. ಮಳೆ ಕೈಕೊಟ್ಟು ಕಣ ಬರಿದಾದರೆ ಆಯವೂ ಬರಿದಾಗುತ್ತಿತ್ತೆಂಬುದು ಬೇರೆ ಮಾತು. ಆಯವನ್ನು ಹೊಗಳುವವರು ಅದರ ಇನ್ನೊಂದು ಮುಖವನ್ನೂ ಮರೆಯಬಾರದು: ಬೇರೆ ಊರಿಗೆ ಹೋಗುವೆನೆನ್ನುವ, ಈ ಕೆಲಸ ಒಲ್ಲೆನೆನ್ನುವ ಸ್ವಾತಂತ್ರ್ಯ ತೋಟಿಗೆ ಎಲ್ಲಿತ್ತು? ವಂಶಪಾರಂಪರ್ಯವಾದ ಗ್ರಾಮಾಧಿಕಾರಗಳನ್ನು 1961ರ ಅಧಿನಿಯಮವು ರದ್ದುಪಡಿಸಿತು. ಅದು ಜಾರಿಗೆ ಬಂದದ್ದು 1963ರಲ್ಲಿ.

ಇನ್ನು ಖೇಣಿ. ಹೊಳಲ್ಕೆರೆ, ಭೀಮಸಮುದ್ರಗಳ ಅಡಕೆ ತೋಟದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಫಸಲು ಮರದ ಮೇಲಿರುವಾಗಲೇ ಖೇಣಿದಾರನು ಬೆಲೆ ಕಟ್ಟಿ ಕೊಳ್ಳುತ್ತಾನೆ. ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಎಲ್ಲವೂ ಅವನ ಪಾಲಿನ ಕೆಲಸ. ಧಾರಣೆ ಏರಿದರೆ ಲಾಭ ಅವನದು. ಇಳಿದರೆ, ಅಥವಾ ಒಣಹಾಕಿದ ಅಡಕೆಯ ಮೇಲೆ ಮೋಡ ಕವಿದು ಮಳೆ ಸುರಿದರೆ, ನಷ್ಟವೂ ಅವನದೇ. ಆದಕಾರಣ ಅನುಭವಿಯಾದ ಖೇಣಿದಾರನು ಬೆಲೆ ನುಡಿಯುವ ಮೊದಲೇ ಆ ಮಳೆಯನ್ನೂ ಲೆಕ್ಕದಲ್ಲಿ ಸೇರಿಸಿರುತ್ತಾನೆ.

ತಂತ್ರಾಂಶದ ಗುತ್ತಿಗೆಯಲ್ಲಿ ತರುಣರು ಎಡವುವುದು ಇಲ್ಲಿಯೇ. ಖೇಣಿದಾರನ ಹೊರೆಯನ್ನು ಹೊತ್ತು ಆಯಗಾರನ ಲೆಕ್ಕವನ್ನು ಹಾಕುತ್ತಾರೆ. ಕಾಯಂ ನೌಕರನಿಗೆ ತಿಂಗಳಿಗೆ 80,000, ಗುತ್ತಿಗೆಯವನಿಗೆ 1,00,000 ರೂಪಾಯಿ ಎಂದು ಭಾವಿಸಿದರೆ ಎರಡನೆಯದೇ ಲೇಸೆಂದು ತೋರುವುದು ಸಹಜ. ಒಂದು ಯೋಜನೆ ಮುಗಿದು ಇನ್ನೊಂದು ದೊರೆಯುವಷ್ಟರಲ್ಲಿ ವರ್ಷಕ್ಕೆ ಮೂರು ತಿಂಗಳು ಕಳೆದವೆಂದರೆ ಮೊದಲನೆಯವನಿಗೆ 9,60,000, ಎರಡನೆಯವನಿಗೆ 9,00,000. ಕಾಯಂ ನೌಕರನು ಯೋಜನೆಯಿಲ್ಲದೆ ಕುಳಿತಿರುವ ಅವಧಿಯನ್ನು ಆ ವಲಯದಲ್ಲಿ 'ಬೆಂಚ್' ಎನ್ನುತ್ತಾರೆ. ನೇಗಿಲು ಮುರಿಯದ ವರ್ಷದ ಬಡಗಿಯ ಆಯವೇ ಅದು. ಆ ಬೆಂಚೂ ಬಹುಕಾಲ ಕಾಯುವುದಿಲ್ಲ, ಕಂಪನಿಯ ಕಣ ಬರಿದಾದಾಗ ಕಾಯಂ ಆದವನನ್ನೂ ಮನೆಗೆ ಕಳುಹಿಸುತ್ತಾರೆ ಎಂಬುದೂ ನಿಜವೇ.

ಗುತ್ತಿಗೆಯಲ್ಲಿಯೂ ಎರಡು ಬಗೆಯುಂಟು. ಒಂದರಲ್ಲಿ ದುಡಿಯುವವನು ಮಧ್ಯವರ್ತಿ ಸಂಸ್ಥೆಯ ನೌಕರ, ಕೆಲಸ ಮಾಡುವುದು ಬೇರೆಡೆ. ಇನ್ನೊಂದರಲ್ಲಿ ಅವನು ಯಾರ ನೌಕರನೂ ಅಲ್ಲ. ತನ್ನ ಹೆಸರಿನಲ್ಲಿಯೇ ಬಿಲ್ಲು ಬರೆದು ಹಣ ಪಡೆಯುವ ಸಲಹೆಗಾರ. 1972ರ ಗ್ರಾಚ್ಯುಟಿ ಕಾಯಿದೆಯಂತೆ ಸಾಮಾನ್ಯವಾಗಿ ಐದು ವರ್ಷಗಳ ಅವಿಚ್ಛಿನ್ನ ಸೇವೆಗೆ, ವರ್ಷವೊಂದಕ್ಕೆ ಹದಿನೈದು ದಿನಗಳ ವೇತನ ಸಲ್ಲಬೇಕಾಗಿತ್ತು. ಎರಡೆರಡು ವರ್ಷಕ್ಕೆ ಸಂಸ್ಥೆ ಬದಲಿಸುವವನಿಗೆ ಅದು ದಕ್ಕುತ್ತಿರಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನಿಗದಿತ ಅವಧಿಯ ನೌಕರನಿಗೆ ಒಂದು ವರ್ಷದ ಸೇವೆಗೇ ಆ ಹಕ್ಕನ್ನು ಕೊಟ್ಟಿವೆ. ಆದರೆ ಈ ಹಕ್ಕಾಗಲಿ, ಭವಿಷ್ಯನಿಧಿಗೆ ಮಾಲೀಕನು ಸೇರಿಸುವ ಪಾಲಾಗಲಿ ಸಲಹೆಗಾರನಿಗಿಲ್ಲ. ಅವನ ವೃದ್ಧಾಪ್ಯ, ಅವನ ಕಾಯಿಲೆ, ಹೊಸ ವಿದ್ಯೆಯನ್ನು ಕಲಿಯುವ ಖರ್ಚು ಎಲ್ಲವೂ ಆ ಒಂದು ಲಕ್ಷದೊಳಗೇ ಅಡಗಿರಬೇಕು.

ಖೇಣಿದಾರನ ಅಪಾಯವನ್ನು ಅವನ ಲಾಭವಿಲ್ಲದೆ ಹೊತ್ತವರ ಕಥೆಯೂ ಈ ನಾಡಿನಲ್ಲಿ ನಡೆದಿದೆ. ವಾಣಿಜ್ಯ ತೆರಿಗೆ ಇಲಾಖೆಗೆ 1985-86ರಲ್ಲಿ ದಿನಗೂಲಿಯ ಮೇಲೆ ಸೇರಿದವರು ಹತ್ತು ವರ್ಷಕ್ಕೂ ಮಿಗಿಲಾಗಿ ದುಡಿದು, ಕಾಯಂ ಮಾಡಿರೆಂದು ನ್ಯಾಯಾಲಯದ ಮೊರೆಹೊಕ್ಕರು. ಉಮಾದೇವಿ ಪ್ರಕರಣವೆಂದೇ ಹೆಸರಾದ ಆ ವ್ಯಾಜ್ಯದಲ್ಲಿ 2006ರ ಏಪ್ರಿಲ್ 10ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ದೀರ್ಘಕಾಲ ದುಡಿದ ಮಾತ್ರಕ್ಕೆ ಕಾಯಂ ಆಗುವ ಹಕ್ಕು ಹುಟ್ಟದೆಂದು ತೀರ್ಪಿತ್ತಿತು. ಮಂಜೂರಾದ ಹುದ್ದೆಯಲ್ಲಿ ನ್ಯಾಯಾಲಯದ ಆದೇಶದ ಆಸರೆಯಿಲ್ಲದೆ ಹತ್ತು ವರ್ಷ ಸವೆಸಿದ ಅರ್ಹರಿಗೆ ಮಾತ್ರ ಒಂದು ಬಾರಿಯ ವಿನಾಯಿತಿಗೆ ಅವಕಾಶವಿತ್ತಿತು. ಮುಂದೆ 2012ರಲ್ಲಿ ಕರ್ನಾಟಕದ ಶಾಸನಸಭೆಯು ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿಗೆಂದೇ ಪ್ರತ್ಯೇಕ ಅಧಿನಿಯಮವನ್ನು ರಚಿಸಬೇಕಾಯಿತು.

ಊರಿಗೆ ಬಂದ ಮಗನನ್ನು ಹಿರಿಯರು ಇಂದಿಗೂ ಕೇಳುವುದು 'ಕಾಯಂ ಆಯಿತೇ?' ಎಂಬ ಒಂದೇ ಮಾತು. ಕನ್ಯೆಯ ಕಡೆಯವರು ಕೇಳುವುದೂ ಅದನ್ನೇ. ಕರಾರುಪತ್ರವನ್ನು ತರಿಸಿ ಓದುವ ತಂದೆ ಅಪರೂಪ. ಎಷ್ಟು ದಿನಗಳ ಮುನ್ಸೂಚನೆಯ ಮೇಲೆ ಕೆಲಸದಿಂದ ಬಿಡಿಸಬಹುದು, ಭವಿಷ್ಯನಿಧಿಯನ್ನು ಕಟ್ಟುವವರಾರು, ಕಾಯಿಲೆಯ ರಜೆಗೆ ಹಣವುಂಟೇ, ಕೆಲಸವಿಲ್ಲದ ತಿಂಗಳು ಯಾರ ಲೆಕ್ಕಕ್ಕೆ ಎಂಬುದೆಲ್ಲ ಆ ಕಾಗದದ ಕಿರಿಯಕ್ಷರಗಳಲ್ಲಿರುತ್ತದೆ. ಹೊಳಲ್ಕೆರೆಯ ತೋಟದವನು ಖೇಣಿಯ ಕರಾರಿನ ಒಂದೊಂದು ಸಾಲನ್ನೂ ಓದಿಸಿ ಕೇಳಿದ ಮೇಲೆಯೇ ರುಜು ಹಾಕುತ್ತಾನೆ.