ದಳವಾಯಿ ಸೇತುವೆಗೆ ಒಂದು ಗಂಟೆ

ನಂಜನಗೂಡಿಗೆ ಬಂದವರು ಶ್ರೀಕಂಠೇಶ್ವರನ ದರ್ಶನ ಮುಗಿಸಿ, ರಸಬಾಳೆ ಎಲ್ಲಿ ಸಿಗುತ್ತದೆಂದು ವಿಚಾರಿಸಿ, ಊಟಿ ದಾರಿ ಹಿಡಿಯುತ್ತಾರೆ. ಊರ ಅಂಚಿನಲ್ಲಿ ಕಪಿಲೆಯ, ಅಂದರೆ ಕಬಿನಿ ನದಿಯ, ಮೇಲಿರುವ ದಳವಾಯಿ ಸೇತುವೆ ಹಾಗೇ ಉಳಿದುಬಿಡುತ್ತದೆ. ಈ ಸಲ ಅದಕ್ಕೊಂದು ಗಂಟೆ ಎತ್ತಿಡಿ.

ಮೈಸೂರಿನ ದಳವಾಯಿ ದೇವರಾಜಯ್ಯ 1735ರಲ್ಲಿ ಕಟ್ಟಿಸಿದ್ದು. ಕಬ್ಬಿಣದ ಸೇತುವೆಯಲ್ಲ, ಕಲ್ಲಿನ ಕಟ್ಟಡ. 225 ಮೀಟರ್ ಉದ್ದಕ್ಕೆ 56 ಕಂಬಗಳು. ಅಂದರೆ ಕಂಬದಿಂದ ಕಂಬಕ್ಕೆ ಸರಾಸರಿ ನಾಲ್ಕೇ ಮೀಟರ್. ಎತ್ತಿನಗಾಡಿಯ ಕಾಲದ ಈ ಸೇತುವೆ ಮುಂದೆ ಮೀಟರ್ ಗೇಜ್ ರೈಲನ್ನೂ ಹೊತ್ತಿತು. ಅಷ್ಟು ಒತ್ತೊತ್ತಾಗಿ ಕಂಬ ನಿಲ್ಲಿಸಿದ್ದರಿಂದಲೇ ಆ ಭಾರ ತಡೆಯಿತೆಂದು ನನ್ನ ಲೆಕ್ಕಾಚಾರ. ಒಂದೇ ಸೇತುವೆಯಲ್ಲಿ ರೈಲೂ ರಸ್ತೆಯೂ! ಬ್ರಾಡ್ ಗೇಜ್ ಬಂದ ಮೇಲೆ ರೈಲು ಪಕ್ಕದ ಹೊಸ ಸೇತುವೆಗೆ ಹೋಯಿತು. ಹಳೆಯದನ್ನು ರೈಲ್ವೆ ಇಲಾಖೆ ಪಾರಂಪರಿಕ ಕಟ್ಟಡವೆಂದು ಘೋಷಿಸಿದೆ.

ಮೇಲೆ ನಿಂತು ಸೆಲ್ಫಿ ತೆಗೆದರೆ ಏನೂ ಕಾಣದು. ದಡದಿಂದ ಓರೆಯಾಗಿ ನೋಡಿ, ಕಮಾನಿನ ಸಾಲು ಆಗಲೇ ಕಣ್ಣಿಗೆ ಬೀಳುವುದು. ಡಿಸೆಂಬರಿನಿಂದ ಮಾರ್ಚ್‌ವರೆಗೆ ನೀರು ತಗ್ಗಿರುತ್ತದೆ. ಜುಲೈ, ಆಗಸ್ಟಿನಲ್ಲಿ ಕಬಿನಿ ಜಲಾಶಯದಿಂದ ನೀರು ಬಿಟ್ಟರೆ ಸ್ನಾನಘಟ್ಟವೇ ಮುಳುಗುತ್ತದೆ, ಆಗ ಹೊಳೆಯ ಕಡೆ ಇಳಿಯಲೇಬೇಡಿ. ಮಾರ್ಚ್–ಏಪ್ರಿಲ್ ಹೊತ್ತಿನ ದೊಡ್ಡ ಜಾತ್ರೆಯಲ್ಲಿ ಐದು ತೇರು ಎಳೆಯುತ್ತಾರೆ. ತೇರು ನೋಡಬೇಕೆಂದರೆ ಬನ್ನಿ, ಸೇತುವೆಗಾದರೆ ಬೇರೆ ದಿನ.

ಮೈಸೂರಿನಿಂದ ಇಪ್ಪತ್ತಮೂರು ಕಿಲೋಮೀಟರ್ ಆಸುಪಾಸು. ಬಸ್ಸು ಬೇಕಾದಷ್ಟಿವೆ, ಆದರೂ ಚಾಮರಾಜನಗರದ ರೈಲು ಹತ್ತಿ. ಹೊಸ ಸೇತುವೆ ದಾಟುವಾಗ ಹಳೆಯದು ಕಿಟಕಿಯಲ್ಲೇ ಸಿಗುತ್ತದೆ. ಮಧ್ಯಾಹ್ನ ದೇವಸ್ಥಾನದ ಬಾಗಿಲು ಹಾಕುವುದರಿಂದ ದರ್ಶನ ಬೆಳಿಗ್ಗೆಯೇ ಆಗಲಿ.

ದಿನ ಉಳಿದರೆ ಸುತ್ತೂರಿನ ಮೇಲೆ ತಿ. ನರಸೀಪುರಕ್ಕೆ ಹೋಗಿ. ಅದೇ ಕಪಿಲೆ ಅಲ್ಲಿ ಕಾವೇರಿಯನ್ನು ಸೇರುತ್ತಾಳೆ. 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುವ ಜಾಗ. ಒಂದು ದಡದಲ್ಲಿ ಗುಂಜಾ ನರಸಿಂಹ, ಇನ್ನೊಂದೆಡೆ ತಿರುಮಕೂಡಲಿನ ಅಗಸ್ತ್ಯೇಶ್ವರ. ನರಸಿಂಹನ ಬೆರಳ ನಡುವೆ ಗುಲಗಂಜಿ ಇದೆ, ಅರ್ಚಕರನ್ನು ಕೇಳಿದರೆ ತೋರಿಸುತ್ತಾರೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂಬುದು ಊರವರ ನಂಬಿಕೆ. ಸಂಗಮದಲ್ಲಿ ಸ್ನಾನ ಮಾಡುವವರು ಮೆಟ್ಟಿಲ ಬಳಿಯೇ ಮುಳುಗೇಳಿ, ಆಳಕ್ಕೆ ಹೋಗಬೇಡಿ. ಮಕ್ಕಳ ಕೈ ಬಿಡಬೇಡಿ.